ನನ್ನ ಅನುಭವ: 400 ಮೀಟರ್ ಹರ್ಡಲ್ಸ್‌ಗೆ ಎರಡೂ ಕಾಲನ್ನು ಪಳಗಿಸಿದ ಬಗೆ

ಹರೆಯದ ಹುಡುಗಿಯರಿಗೆ 400 ಮೀಟರ್ ಹರ್ಡಲ್ಸ್ (ಹತ್ತು ಅಡೆಗಳನ್ನು ಹಾರಿ ಟ್ರ್ಯಾಕಿನ ಒಂದು ಸುತ್ತು ಓಡುವ ಸ್ಪರ್ಧೆ) ಕಲಿಸುವಾಗ ಮೊದಲ ವರ್ಷದಿಂದಲೇ ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಮುಂದೆ ಹಾಕಿ ದಾಟುವುದನ್ನು ಅಭ್ಯಾಸ ಮಾಡಿಸಬೇಕು ಎಂದು ನಾನು ವಾದಿಸುತ್ತಿದ್ದ ಕಾಲದಲ್ಲಿ ನಮ್ಮ ಜಿಲ್ಲೆಯ ದೈಹಿಕ ಶಿಕ್ಷಕರ ನಡುವೆ ಅದೊಂದು ತಮಾಷೆಯ ವಿಷಯವಾಗಿತ್ತು. ರಾಜ್ಯಕ್ಕೆ ಸಾಕಷ್ಟು ಪದಕ ತಂದುಕೊಟ್ಟ ಹಿರಿಯ ತರಬೇತುದಾರರೊಬ್ಬರು, "ಮಾಷ್ಟ್ರೇ, ಒಂದು ಕಾಲು ನೆಟ್ಟಗೆ ಬರುವುದಕ್ಕೇ ನಾಲ್ಕು ವರ್ಷ ಬೇಕು, ಎರಡಕ್ಕೂ ಕೈ ಹಾಕಿದರೆ ಎರಡೂ ಕೆಡುತ್ತದೆ" ಎಂದು ಎಲ್ಲರೆದುರೇ ಹೇಳಿದ್ದರು. ಅದೇ ವಿಧಾನದಲ್ಲಿ ಬೆಳೆದ ನನ್ನ ಶಾಲೆಯ ಹುಡುಗಿ ಏಷ್ಯಾ ಮಟ್ಟದ 20 ವರ್ಷದೊಳಗಿನವರ ಕೂಟದಲ್ಲಿ ಭಾರತದ ಪರವಾಗಿ ಫೈನಲ್ ಓಡಿ ಬಂದ ಮೇಲೆ ಅವರೇ ಫೋನ್ ಮಾಡಿ, ವಾರದ ಅಭ್ಯಾಸದ ಪಟ್ಟಿ ಕಳುಹಿಸಿ ಎಂದರು. ಪದಕ ಬರಲಿಲ್ಲ. ಆದರೆ ಎಂಟನೆಯ ತರಗತಿಯಲ್ಲಿ ಸುಮಾರು 72 ಸೆಕೆಂಡಿನಲ್ಲಿ ಮುಗಿಸುತ್ತಿದ್ದ ಹುಡುಗಿ ಈಗ 59 ಚಿಲ್ಲರೆಗೆ ಬಂದಿದ್ದಾಳೆ, ಅದೂ ಕುಂದಾಪುರ ತಾಲೂಕಿನ ಮುರಕಲ್ಲಿನ (ಜಂಬಿಟ್ಟಿಗೆಯ) ಮೈದಾನದಲ್ಲಿ ತಯಾರಾಗಿ. ಗ್ವಾಂಗ್‌ಝೌನಲ್ಲಿ 2010ರ ಏಷ್ಯನ್ ಕ್ರೀಡಾಕೂಟದ ಇದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜಿ ನಮ್ಮ ಸಿದ್ದಾಪುರದವರೇ ಆದ್ದರಿಂದ ಈ ಮಣ್ಣಿನಲ್ಲಿ ಹರ್ಡಲ್ಸ್ ಬೆಳೆಯುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಎರಡು ಹರ್ಡಲ್‌ಗಳ ನಡುವಿನ 35 ಮೀಟರಿನಲ್ಲಿ ನೆಗೆತಕ್ಕೆ ಮೂರು ಮೀಟರ್ ಹೋದರೆ ಓಡಲು ಸುಮಾರು 32 ಮೀಟರ್ ಉಳಿಯುತ್ತದೆ. ಹದಿನೇಳು ಹೆಜ್ಜೆಯಾದರೆ ಒಂದೊಂದು 1.88 ಮೀಟರ್, ಹದಿನಾರಾದರೆ 2 ಮೀಟರ್, ಹದಿನೈದಾದರೆ 2.13. ನಮ್ಮವಳು ಒಂಬತ್ತನೆಯ ತರಗತಿಯ ವರ್ಷದಲ್ಲಿ ಐದಾರು ಸೆಂಟಿಮೀಟರ್ ಒಮ್ಮೆಲೇ ಬೆಳೆದಳು. ಹದಿನೇಳು ಹೆಜ್ಜೆಯಲ್ಲಿ ಹರ್ಡಲ್ ಎದೆಗೇ ಬಂದು ನಿಲ್ಲುತ್ತಿತ್ತು, ಹದಿನೈದಕ್ಕೆ ಬೇಕಾದ ಬಲ ಆ ವಯಸ್ಸಿನ ಸೊಂಟಕ್ಕೂ ತೊಡೆಗೂ ಇರಲಿಲ್ಲ. ನಡುವೆ ಉಳಿದದ್ದು ಹದಿನಾರು. ಸಮಸಂಖ್ಯೆಯಾದ್ದರಿಂದ ಪ್ರತಿ ಹರ್ಡಲ್‌ಗೂ ಕಾಲು ಬದಲಾಗುತ್ತದೆ, ಆ ಒಂದೇ ಕಾರಣಕ್ಕೆ ಎಲ್ಲರೂ ಅದನ್ನು ಬಿಟ್ಟು ಹುಡುಗಿಯರನ್ನು ವರ್ಷಗಟ್ಟಲೆ ಹದಿನೇಳರಲ್ಲೇ ಅದುಮಿಡುತ್ತಾರೆ. ಕೊಲಂಬಿಯಾದ ಕಾಲಿ ನಗರದ 2015ರ ವಿಶ್ವ ಯುವ ಕೂಟದಲ್ಲಿ 55.94 ಸೆಕೆಂಡಿಗೆ ಚಿನ್ನ ಗೆದ್ದು, ಮರುವರ್ಷ ಹರೆಯದಲ್ಲೇ ರಿಯೊ ಒಲಿಂಪಿಕ್ಸ್ ಓಡಿದ ಅಮೆರಿಕದ ಸಿಡ್ನಿ ಮೆಕ್‌ಲಾಫ್ಲಿನ್ ಎರಡೂ ಕಾಲಿನಲ್ಲಿ ದಾಟುವವಳು ಎಂಬುದನ್ನು ನಾನು ಅವಳ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಮನಗಂಡೆ. ಪ್ಯಾರಿಸ್‌ನಲ್ಲಿ 2024ರಲ್ಲಿ ಅವಳು 50.37ಕ್ಕೆ ವಿಶ್ವದಾಖಲೆ ಇಳಿಸಿದಾಗ ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಅತಿ ಹೆಚ್ಚು ಸಂತೋಷಪಟ್ಟವನು ನಾನೇ ಇರಬೇಕು.

ಇನ್ನೊಂದು ಅನುಕೂಲವನ್ನೂ ಹೇಳಬೇಕು. ಹುಡುಗಿಯರ 400 ಮೀಟರ್ ಹರ್ಡಲ್‌ನ ಎತ್ತರ 18 ವರ್ಷದೊಳಗಿನವರಿಗೂ ಒಲಿಂಪಿಕ್ಸ್‌ನಲ್ಲಿ ಓಡುವವರಿಗೂ ಒಂದೇ, 76.2 ಸೆಂ.ಮೀ. ನೂರು ಮೀಟರ್ ಹರ್ಡಲ್ಸ್‌ನ ಹಾಗೆ 76.2ರಿಂದ 83.8ಕ್ಕೆ ಏರುವ ತಾಪತ್ರಯ ಇಲ್ಲದಿರುವುದರಿಂದ ಹದಿನಾಲ್ಕರಲ್ಲಿ ಕೂಡಿಸಿಕೊಟ್ಟ ಲಯ ಮುಂದೆ ವ್ಯರ್ಥವಾಗುವುದಿಲ್ಲ.

ಅವಳಿಗೆ ಸಹಜವಾಗಿ ಬರುತ್ತಿದ್ದದ್ದು ಬಲಗಾಲು, ತಿರುವಿನಲ್ಲಿ ಬೇಕಾದದ್ದು ಎಡಗಾಲು. ಹಾಗಾಗಿ ಮೈ ಬಿಸಿಯಾದ ತಕ್ಷಣ, ದಣಿವಾಗುವ ಮೊದಲೇ ಎಡಗಾಲಿನ ಅಭ್ಯಾಸ, ಆಮೇಲಷ್ಟೇ ಬಲಗಾಲು ಎಂಬ ಕಟ್ಟುನಿಟ್ಟನ್ನು ಇಟ್ಟುಕೊಂಡೆ. ಮೊದಲ ಆರು ತಿಂಗಳು ಮೊಣಕಾಲಿನ ಮಟ್ಟದ ಪಿವಿಸಿ ಪೈಪುಗಳ ಮೇಲೆ, ಐದು ಹೆಜ್ಜೆ, ಆರು ಹೆಜ್ಜೆ, ಏಳು ಹೆಜ್ಜೆ ಎಂದು ಸಮ-ಬೆಸ ಬೆರೆಸಿ ಓಡಿಸಿದೆ; ಎಷ್ಟು ವೇಗ ಎಂದು ಕೇಳಲೇ ಇಲ್ಲ. ಎಡಗಾಲು ಯೋಚನೆಯಿಲ್ಲದೆ ಏಳುವುದಕ್ಕೆ ಹೆಚ್ಚುಕಡಿಮೆ ಒಂದೂಕಾಲು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಅವಳು ವಲಯ ಮಟ್ಟದಲ್ಲೇ, ಹಿಂದಿನ ವರ್ಷ ಸುಲಭವಾಗಿ ಸೋಲಿಸಿದ್ದವರ ಹಿಂದೆ ಬಂದಳು. ಮುಖ್ಯೋಪಾಧ್ಯಾಯರು ನೋಟಿಸ್ ಬೋರ್ಡಿನಲ್ಲಿ ಹಾಕಲು ಫಲಿತಾಂಶವಿಲ್ಲವೆಂದು ಬೇಸರಗೊಂಡರು, ಅವಳ ತಂದೆ, "ಸರ್, ಇದ್ದದ್ದನ್ನೂ ಕಳೆಯುತ್ತಿದ್ದೀರಾ ಹೇಗೆ?" ಎಂದು ಮನೆಯಂಗಳದಲ್ಲೇ ಕೇಳಿದರು. ವರ್ಷಕ್ಕೆ ಹನ್ನೆರಡು ಕೂಟ ಓಡುವ ಹುಡುಗಿಯರ ನಡುವೆ ನಾನು ಇವಳನ್ನು ನಾಲ್ಕೈದಕ್ಕೆ ನಿಲ್ಲಿಸಿದ್ದೆ, ಅದು ಇನ್ನೊಂದು ಆಕ್ಷೇಪ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಒಂದು ರಾಜ್ಯ ಕೂಟದಲ್ಲಿ. ತಿರುವಿನಲ್ಲಿ ಬಲಗಾಲು ಮುಂದಿಟ್ಟಾಗ ಹಿಂದಿನಿಂದ ಬರುವ ಎಡಗಾಲು ಒಳಗಿನ ಬದಿಗೆ ಸರಿದು ಹರ್ಡಲ್‌ನ ಪಕ್ಕದಲ್ಲಿ, ಮೇಲ್ಪಟ್ಟಿಯ ಮಟ್ಟಕ್ಕಿಂತ ಕೆಳಗೆ ಹಾದುಹೋಗುವುದುಂಟು. ನಿಯಮದ ಪ್ರಕಾರ ಅದು ಅನರ್ಹತೆ. ಎರಡನೆಯ ಹರ್ಡಲ್‌ನಲ್ಲಿ, ತಪ್ಪು ಕಂಡಾಗ ಎತ್ತುವ ಹಳದಿ ಬಾವುಟ ಏರಿದ್ದನ್ನು ನಾನು ಗ್ಯಾಲರಿಯಿಂದಲೇ ನೋಡಿದ್ದೆ, ಅವಳಿಗೆ ಗೊತ್ತಾದದ್ದು ಮೂರನೆಯವಳಾಗಿ ಮುಗಿಸಿ ಬಂದ ಮೇಲೆ. ಅಲ್ಲಿಂದ ಎರಡು ಕೆಲಸ ಮಾಡಿದೆ. ಒಂದನ್ನು ಹೇಳುತ್ತೇನೆ: ಮೊದಲ ಐದು ಹರ್ಡಲ್‌ಗಳಿಗೆ ಹದಿನಾರು ಹೆಜ್ಜೆ, ಐದನೆಯದನ್ನು ಎಡಗಾಲಿನಲ್ಲಿ ದಾಟಿದ ನಂತರ ಕೊನೆಯವರೆಗೆ ಹದಿನೇಳು. ಹೀಗೆ ಹಂಚಿದರೆ ಬಲಗಾಲು ಬರುವುದು ಎರಡನೆಯದಕ್ಕೂ ನಾಲ್ಕನೆಯದಕ್ಕೂ ಮಾತ್ರ, ಅದರಲ್ಲಿ ತಿರುವಿನ ಮೇಲಿರುವುದು ಎರಡನೆಯದೊಂದೇ. ಆರು, ಏಳು, ಎಂಟನೆಯ ಹರ್ಡಲ್‌ಗಳ ತಿರುವು ಪೂರ್ತಿ ಎಡಗಾಲಿಗೆ ಸಿಗುತ್ತದೆ, ದಣಿವು ಶುರುವಾಗುವ ಜಾಗದಲ್ಲಿ ಹೆಜ್ಜೆಯೂ ತುಸು ಚಿಕ್ಕದಾಗುತ್ತದೆ. ಆ ಎರಡನೆಯ ಹರ್ಡಲ್‌ಗೆ ಲೇನಿನ ಯಾವ ಭಾಗದಲ್ಲಿ, ಯಾವ ಗುರುತು ನೋಡಿಕೊಂಡು ಬರಬೇಕೆಂದು ಹೇಗೆ ಕಲಿಸಿದೆ ಎಂಬುದು ನನ್ನ ಬಳಿಯೇ ಇರಲಿ. ಮೈದಾನಕ್ಕೆ ಬಂದು ನಿಂತು ನೋಡಿದವರಿಗೆ ತಾನಾಗಿ ಕಾಣುತ್ತದೆ.

ಕೈಗೂಡದ ಪ್ರಯೋಗಗಳೂ ಇವೆ. ಪ್ರತಿ ಹೆಜ್ಜೆಗೂ ನೆಲದಲ್ಲಿ ಸುಣ್ಣದ ಗೆರೆ ಎಳೆದು ನೋಡಿದೆ, ಹುಡುಗಿ ಹರ್ಡಲ್ ನೋಡುವುದನ್ನು ಬಿಟ್ಟು ನೆಲ ನೋಡಲು ಕಲಿತಳು, ಎರಡೇ ವಾರದಲ್ಲಿ ಗೆರೆ ಅಳಿಸಿದೆ. ಕೋಡಿಯ ಕಡಲತೀರದ ಮರಳಿನಲ್ಲಿ ಓಡಿಸಿದರೆ ಬಲ ಬರುತ್ತದೆಂದು ಬಹಳ ಮಂದಿ ಹೇಳುತ್ತಾರೆ. ಸಡಿಲ ಮರಳಿನಲ್ಲಿ ಹಿಮ್ಮಡಿಯ ಮೇಲಿನ ನರ ಎಳೆದು ಸುಮಾರು ಒಂದೂವರೆ ತಿಂಗಳು ಕುಳಿತುಕೊಳ್ಳಬೇಕಾಯಿತು. ಮರಳಿಗಿಂತ ಉಪಯೋಗಕ್ಕೆ ಬಂದದ್ದು ಕಡಲ ಗಾಳಿ. ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ನಮ್ಮ ಮೈದಾನದ ಹಿಂಬದಿಯ ನೇರ ದಾರಿಯಲ್ಲಿ ಎದುರಾಗಿ ಬರುತ್ತದೆ. ಅದರೊಳಗೆ ಹದಿನಾರು ಹೆಜ್ಜೆ ಕೂಡಿಬರುವುದಿಲ್ಲ. ಮೊದಲು ಬೆಳಗಿನ ಹೊತ್ತೇ ಓಡಿಸುತ್ತಿದ್ದವನು ಆಮೇಲೆ ಬೇಕೆಂದೇ ಸಂಜೆ ನಾಲ್ಕರ ನಂತರ ವಾರಕ್ಕೊಮ್ಮೆ ಓಡಿಸಿ, ಹದಿನಾರು ಎಟುಕದಿದ್ದರೆ ತಡವರಿಸದೆ ಹದಿನೇಳಕ್ಕೆ ಇಳಿ, ಯಾವ ಕಾಲು ಬರುತ್ತದೋ ಅದರಲ್ಲೇ ದಾಟು ಎಂದು ರೂಢಿ ಮಾಡಿಸಿದೆ.

ಖರ್ಚಿನ ಮಾತಿಗೆ ಬರೋಣ. ಕಂಪನಿಯ ಹರ್ಡಲ್ ಒಂದಕ್ಕೆ ಆಗ ಐದಾರು ಸಾವಿರ ಹೇಳುತ್ತಿದ್ದರು, ಹತ್ತು ಬೇಕು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಗುಜರಿ ಪೈಪಿನಿಂದ ಒಂದಕ್ಕೆ ಸಾವಿರದ ಆಸುಪಾಸಿನಲ್ಲಿ ಮಾಡಿಸಿದೆ. ಮೊದಲ ಜೊತೆ ನೋಡಲು ಚೆನ್ನಾಗಿತ್ತು, ತಾಗಿದರೆ ಮಾತ್ರ ಬೀಳುತ್ತಿರಲಿಲ್ಲ. ನಿಜವಾದ ಹರ್ಡಲ್ 3.6ರಿಂದ 4 ಕಿಲೊ ಬಲಕ್ಕೆ ಮಗುಚಬೇಕು, ನಮ್ಮದಕ್ಕೆ ಅದರ ಎರಡು ಪಟ್ಟು ಬೇಕಾಗಿತ್ತು, ಹುಡುಗಿಯ ಮೊಣಕಾಲಿನ ಕೆಳಗೆ ಇಂದಿಗೂ ಗುರುತಿದೆ. ಆಮೇಲೆ ಮೇಲ್ಪಟ್ಟಿಯನ್ನು ತೆಗೆಸಿ, ಎರಡೂ ಕಂಬದ ತಲೆಯಲ್ಲಿ ತೋಡು ಮಾಡಿಸಿ, ಬಿಳಿ-ಕಪ್ಪು ಬಣ್ಣ ಬಳಿದ ಪಿವಿಸಿ ಪೈಪನ್ನು ಸುಮ್ಮನೆ ಇಡುವ ಹಾಗೆ ಬದಲಿಸಿದೆ, ಮುಟ್ಟಿದರೆ ಸಾಕು, ಪೈಪು ಮುಂದಕ್ಕೆ ಉರುಳುತ್ತದೆ. ಸ್ಪೈಕ್ಸ್, ಎಂದರೆ ಅಡಿಯಲ್ಲಿ ಮೊಳೆ ಇರುವ ಓಟದ ಬೂಟು, ಆಗ ಜೋಡಿಗೆ ಆರೇಳು ಸಾವಿರ. ಮುರಕಲ್ಲಿನ ಮೇಲೆ ಅದು ಐದು ತಿಂಗಳೂ ಬಾಳುವುದಿಲ್ಲವಾದ್ದರಿಂದ ಹಳೆಯ ಜೋಡಿಗೆ 12 ಮಿ.ಮೀ. ಮೊಳೆ ಹಾಕಿ ಊರಿನಲ್ಲಿ, ಹೊಸ ಜೋಡಿಗೆ 6 ಮಿ.ಮೀ. ಮೊಳೆ ಹಾಕಿ ಭಾನುವಾರ ಉಡುಪಿಯ ಅಜ್ಜರಕಾಡಿನ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಎಂದು ಬೇರೆ ಮಾಡಿದೆ. ಬಸ್ಸು, ಊಟ, ಹೊರರಾಜ್ಯದ ಕೂಟಗಳ ರೈಲು, ಜೊತೆಗೆ ಕಡ್ಡಾಯವಾಗಿ ಬರುವ ಶಿಕ್ಷಕಿಯ ಖರ್ಚು ಸೇರಿ ವರ್ಷಕ್ಕೆ ಒಂದು ಲಕ್ಷದ ಮೇಲೆಯೇ ಹೋಗುತ್ತಿತ್ತು. ಅರ್ಧದಷ್ಟನ್ನು ಸೊಸೈಟಿ ಸಾಲದಿಂದ ನಾನೇ ಭರಿಸಿದೆ, ಉಳಿದದ್ದನ್ನು ಬೆಂಗಳೂರಿನಲ್ಲಿ ಹೋಟೆಲು ನಡೆಸುವ ನಮ್ಮೂರಿನವರೊಬ್ಬರು ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಕೊಟ್ಟರು. ಭಾರತ ತಂಡಕ್ಕೆ ಆಯ್ಕೆಯಾದ ಮೇಲೆ ವಿಮಾನ, ವಸತಿಗಳ ಚಿಂತೆ ನಮಗಿರಲಿಲ್ಲ. ಆ ವಾರದಲ್ಲಿ ನಡೆದ ಅಭಿನಂದನಾ ಸಭೆಗಳ ಶಾಲು, ಹಾರ, ಫ್ಲೆಕ್ಸ್‌ಗಳ ಹಣದಲ್ಲಿ ಇನ್ನೊಂದು ಶಾಲೆಗೆ ಪೂರ್ತಿ ಹರ್ಡಲ್ಸ್ ಕೊಡಿಸಬಹುದಿತ್ತು ಎಂಬುದನ್ನೂ ದಾಖಲಿಸಿಬಿಡುತ್ತೇನೆ.

ಆಹಾರದ ವಿಷಯದಲ್ಲಿ ನಾನು ಹಳೆಯ ಕಾಲದವನು. ಹತ್ತನೆಯ ತರಗತಿಯಲ್ಲಿ ಕೊನೆಯ ನೂರು ಮೀಟರಿನಲ್ಲಿ ಅವಳು ಕಾರಣವಿಲ್ಲದೆ ಸೋಲುತ್ತಿದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ ಒಂಬತ್ತರ ಹತ್ತಿರ ಇತ್ತು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ, ಊಟದ ಜೊತೆಗಿನ ಚಹಾ ನಿಲ್ಲಿಸಿದ್ದು, ಹರಿವೆ, ಬೂತಾಯಿ ಮೀನು, ಕುಚ್ಚಲಕ್ಕಿ ಗಂಜಿ, ಇವಿಷ್ಟರಿಂದ ನಾಲ್ಕೈದು ತಿಂಗಳಲ್ಲಿ ಹನ್ನೆರಡು ದಾಟಿತು. ಮುಟ್ಟಿನ ದಿನಗಳನ್ನು ಬರೆದಿಡುವ ಪುಸ್ತಕವನ್ನು ನಮ್ಮ ವಿಜ್ಞಾನದ ಟೀಚರ್ ನೋಡಿಕೊಂಡರು, ಕಠಿಣ ಅಭ್ಯಾಸವನ್ನು ಯಾವ ದಿನ ಇಡಬೇಕೆಂದು ನನಗೆ ಹೇಳುವವರು ಅವರೇ. ಡಬ್ಬಿಯಲ್ಲಿ ಬರುವ ಪುಡಿಗಳನ್ನು ಮಾತ್ರ ಒಳಗೆ ಬಿಡಲಿಲ್ಲ. ದೇಶದ 400 ಮೀಟರ್ ಓಟಗಾರ್ತಿಯರ ಒಂದು ಗುಂಪೇ 2011ರಲ್ಲಿ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಕೊಂಡು, ಪೂರಕ ಆಹಾರದಲ್ಲಿ ಅದು ಬೆರೆತಿತ್ತೆಂದು ವಾದಿಸಿದರೂ ನಿಷೇಧ ತಪ್ಪಲಿಲ್ಲ ಎಂಬುದನ್ನು ನೋಡಿದವರು ನಾವು. ನೆಗಡಿ ಮಾತ್ರೆಯಲ್ಲಿ ಕೂಟದ ಹೊತ್ತಿಗೆ ನಿಷೇಧವಿರುವ ಸ್ಯೂಡೋಎಫೆಡ್ರಿನ್ ಇದೆಯೇ ಎಂದು ಚೀಟಿ ಓದುವುದನ್ನು ಅವಳ ಅಮ್ಮನಿಗೂ ಕಲಿಸಿದ್ದೇನೆ.

ಕಾಗದಪತ್ರಗಳ ಬಗ್ಗೆ ಒಂದೇ ಮಾತು: 20 ವರ್ಷದೊಳಗಿನವರೆಂದರೆ ಆ ವರ್ಷದ ಡಿಸೆಂಬರ್ 31ಕ್ಕೆ 20 ತುಂಬಿರಬಾರದು ಎಂದರ್ಥ, ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಅಳೆಯುವವರೂ ಇದ್ದಾರೆ, ಆದ್ದರಿಂದ ಜನನ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ ಮೂರರಲ್ಲೂ ಹೆಸರು ಮತ್ತು ತಾರೀಕು ಒಂದೇ ಇರುವಂತೆ ಎಂಟನೆಯ ತರಗತಿಯಲ್ಲೇ ಸರಿಮಾಡಿಸಿಕೊಳ್ಳಿ. ಅವಳ ಇನಿಷಿಯಲ್ ಒಂದರ ದೆಸೆಯಿಂದ ಪಾಸ್‌ಪೋರ್ಟ್ ಕೈತಪ್ಪುವುದರಲ್ಲಿತ್ತು.

ದೊಡ್ಡ ಕೂಟಗಳಲ್ಲಿ ನಮ್ಮ ಮಕ್ಕಳು ಕೆಡುವುದು ಕಾಲ್ ರೂಮಿನಲ್ಲಿ, ಎಂದರೆ ಓಟಕ್ಕೆ ಮೊದಲು ಸ್ಪರ್ಧಿಗಳನ್ನು ಕರೆದು ಕೂರಿಸುವ ಕೋಣೆಯಲ್ಲಿ. ಮೈ ಬಿಸಿ ಮಾಡಿಕೊಂಡವರನ್ನು ಕರೆದು, ಫೋನ್ ತೆಗೆದಿರಿಸಿ, ಸ್ಪೈಕ್ಸ್ ಮೊಳೆ, ಬಿಬ್ ಸಂಖ್ಯೆ ನೋಡಿ, ಗೊತ್ತಿಲ್ಲದ ಭಾಷೆಯವರ ನಡುವೆ ಇಪ್ಪತ್ತು-ಮೂವತ್ತು ನಿಮಿಷ ಕೂರಿಸುತ್ತಾರೆ, ತರಬೇತುದಾರನಿಗೆ ಪ್ರವೇಶವಿಲ್ಲ. ಇದಕ್ಕಾಗಿ ನಾನು ಶಾಲೆಯ ಆಟದ ಸಾಮಾನಿನ ಕೋಣೆಯನ್ನೇ ಕಾಲ್ ರೂಮ್ ಮಾಡಿದೆ. ಅಭ್ಯಾಸದ ನಂತರ ಬಾಗಿಲು ಹಾಕಿ ಬೆಂಚಿನ ಮೇಲೆ ಮಾತಿಲ್ಲದೆ ಕೂರಿಸಿ, ಅವಳಿಗೆ ಪರಿಚಯವಿಲ್ಲದ ಕಾಲೇಜು ಹುಡುಗಿಯರನ್ನು ಎದುರಿಗೆ ಕೂರಿಸಿ, ಹೊರಬಂದು ಎರಡೇ ನಿಮಿಷದಲ್ಲಿ ಮೊದಲ ಮೂರು ಹರ್ಡಲ್ ಓಡಿಸುತ್ತಿದ್ದೆ. ಆರಂಭದಲ್ಲಿ ಮೊದಲ ಹರ್ಡಲ್‌ಗೆ 7.2 ಸೆಕೆಂಡ್ ತೆಗೆದುಕೊಳ್ಳುತ್ತಿದ್ದಳು, ಕ್ರಮೇಣ ಕೂತೆದ್ದು ಬಂದರೂ 6.8ಕ್ಕೆ ಮುಟ್ಟತೊಡಗಿದಳು. ಕೋಣೆಯೊಳಗೆ ಕೂತಾಗ ಏನು ಮಾಡಬೇಕೆಂದು ಹೇಳಿಕೊಟ್ಟದ್ದು ಅವಳ ಸ್ವತ್ತು, ನಾನು ಬರೆಯುವುದಿಲ್ಲ.

ಏಷ್ಯಾ ಕೂಟಕ್ಕೆ ನಾನು ಹೋಗಲಿಲ್ಲ, ತಂಡದೊಂದಿಗೆ ಹೋಗುವವರು ಬೇರೆ. ಫೋನಿನ ಪರದೆಯಲ್ಲಿ ಹೀಟ್ಸ್ (ಮೊದಲ ಸುತ್ತು) ನೋಡುತ್ತಿದ್ದಾಗ ಹಿಂಬದಿಯ ನೇರ ದಾರಿಯಲ್ಲಿ ಬಾವುಟಗಳು ಓಟಗಾರ್ತಿಯರ ಮುಖದ ಕಡೆಗೇ ಹಾರುತ್ತಿದ್ದವು. ನಾಲ್ಕನೆಯ ಹರ್ಡಲ್ ಬಲಗಾಲಿನಲ್ಲಿ ಸರಿಯಾಗಿಯೇ ಆಯಿತು. ಐದನೆಯದಕ್ಕೆ ಹದಿನಾರು ಎಟುಕಲಿಲ್ಲ, ಹದಿನೇಳು ಹಾಕಿದಳು, ಎಂದರೆ ಮತ್ತೆ ಬಲಗಾಲೇ. ಅಲ್ಲಿಂದ ಆರು, ಏಳು, ಎಂಟು, ತಿರುವು ಪೂರ್ತಿ ಬಲಗಾಲಿನಲ್ಲೇ, ಲೇನಿನಲ್ಲಿ ತಾನಿರಬೇಕಾದ ಜಾಗದಿಂದ ಸರಿಯದೆ ದಾಟಿದಳು, ಹಳದಿ ಬಾವುಟ ಏಳಲಿಲ್ಲ. ಪಕ್ಕದ ಲೇನಿನ, ಅವಳಿಗಿಂತ ಒಂದು ಸೆಕೆಂಡ್ ಉತ್ತಮ ಸಮಯವಿದ್ದ ಹುಡುಗಿ ಆರನೆಯ ಹರ್ಡಲ್ ಎದುರು ನಾಲ್ಕೈದು ಪುಟ್ಟ ಹೆಜ್ಜೆ ಹಾಕಿ ನಿಂತೇಬಿಟ್ಟಳೆನ್ನುವಂತಾಗಿ ಹಿಂದೆ ಬಿದ್ದಳು. ಸಂಜೆ ಫೋನ್ ಮಾಡಿದವಳು ಹೇಳಿದ್ದು ಇಷ್ಟೇ: "ಸರ್, ನಮ್ಮ ಮೈದಾನದ ಗಾಳಿಯೇ ಜೋರು." ಫೈನಲ್‌ನ ವಿಡಿಯೊದಿಂದ ನಾನು ತೆಗೆದ ಲೆಕ್ಕದ ಪ್ರಕಾರ ಎರಡು ಹರ್ಡಲ್‌ಗಳ ನಡುವಿನ ಸಮಯ ಮೊದಲಿಗೆ 4.6, ಕೊನೆಗೆ 5.6ರ ಸುತ್ತ, ಎರಡು ವರ್ಷದ ಹಿಂದೆ ಆ ಕೊನೆಯದು 6.3ಕ್ಕೂ ಮೇಲಿತ್ತು. ಬರಿಯ 400 ಮೀಟರಿಗೂ ಹರ್ಡಲ್ಸ್‌ಗೂ ಇದ್ದ ಏಳು ಸೆಕೆಂಡಿನ ಅಂತರ ನಾಲ್ಕಕ್ಕೆ ಇಳಿದಿದೆ, ಅಂದರೆ ಇನ್ನು ಮುಂದಿನ ಲಾಭ ಬರಿಯ ಓಟದ ವೇಗದಿಂದಲೇ ಬರಬೇಕು.

ಈಗ ಇದನ್ನೇ ಹುಡುಗರ ಮೇಲೆ ನೋಡುತ್ತಿದ್ದೇನೆ. ಅವರಿಗೆ 18ರೊಳಗೆ 83.8 ಸೆಂ.ಮೀ. ಇರುವ ಹರ್ಡಲ್ 20ರೊಳಗಿನವರ ವಿಭಾಗಕ್ಕೆ ಬಂದೊಡನೆ 91.4 ಆಗುತ್ತದೆ, ದುರ್ಬಲ ಕಾಲು ಆ ಎಂಟು ಸೆಂಟಿಮೀಟರಿಗೆ ಒಪ್ಪುತ್ತಿಲ್ಲ, ಸೊಂಟ ಮೇಲೆದ್ದು ಗಾಳಿಯಲ್ಲಿ ಹೊತ್ತು ಕಳೆಯುತ್ತಾರೆ. ಉಕ್ರೇನಿನ ಡೊನೆಟ್ಸ್ಕ್‌ನ 2013ರ ವಿಶ್ವ ಯುವ ಕೂಟದಲ್ಲಿ ಆಕ್ಟಾಥ್ಲಾನ್ (ಎಂಟು ಸ್ಪರ್ಧೆಗಳ ಕೂಡುಸ್ಪರ್ಧೆ) ಗೆದ್ದು ಆಮೇಲೆ ಹರ್ಡಲ್ಸ್‌ನ ವಿಶ್ವದಾಖಲೆಗಾರನಾದ ನಾರ್ವೆಯ ಕಾರ್ಸ್ಟನ್ ವಾರ್‌ಹೋಮ್‌ನ ದಾರಿ ನೋಡಿ, ಇಬ್ಬರಿಗೆ ಎತ್ತರ ಜಿಗಿತವನ್ನೂ ಎರಡೂ ಕಾಲಿನಲ್ಲಿ ಮಾಡಿಸುತ್ತಿದ್ದೇನೆ. ಒಬ್ಬನಿಗೆ ಹಿಡಿಸಿದೆ, ಇನ್ನೊಬ್ಬನಿಗೆ ಮೊಣಕಾಲು ನೋವು. ಮಳೆಗಾಲ ಮುಗಿದು ಮೈದಾನ ಒಣಗಿದ ಮೇಲೆ ಮತ್ತೆ ಶುರು. ತೋಡಿನ ಹರ್ಡಲ್‌ನ ಅಳತೆ ಬೇಕಾದ ಶಿಕ್ಷಕರು ಕೇಳಿದರೆ ಕೊಡುತ್ತೇನೆ, ವೆಲ್ಡಿಂಗ್‌ನವರಿಗೆ ತೋಡಿನ ಆಳ ಒಂದು ಸೆಂಟಿಮೀಟರ್ ಮೀರದಂತೆ ಮೊದಲೇ ಹೇಳಿಬಿಡಿ.