ಗಡ್ಡೆಯ ಮ್ಯುಟೇಶನ್ನೋ, ಫಾರ್ಮಲಿನ್ ಗುರುತೋ?

ನಾನು ಕ್ಯಾನ್ಸರ್ ಸಂಶೋಧನೆಯಲ್ಲಿ ಕಂಪ್ಯೂಟೇಶನಲ್ ಬಯಾಲಜಿಸ್ಟ್. ಗಡ್ಡೆಯ ಚೂರು ನನ್ನ ಕೈಗೆ ಬರುವುದಿಲ್ಲ. ಅದರ ಡಿಎನ್‌ಎಯನ್ನು ಸೀಕ್ವೆನ್ಸಿಂಗ್ ಯಂತ್ರ ಓದಿ ಕೊಟ್ಟ ಫೈಲುಗಳು ಬರುತ್ತವೆ. ಅವುಗಳಲ್ಲಿ ತಲಾ 150 ಅಕ್ಷರಗಳಷ್ಟಿರುವ (ಡಿಎನ್‌ಎಯ ಅಕ್ಷರಗಳು ನಾಲ್ಕೇ: ಎ, ಸಿ, ಜಿ, ಟಿ) ಕೋಟ್ಯಂತರ ತುಣುಕುಗಳು. ಸುಮಾರು 300 ಕೋಟಿ ಅಕ್ಷರಗಳ ಮಾನವ ಜೀನೋಮಿನಲ್ಲಿ ಪ್ರತಿ ತುಣುಕಿನ ಜಾಗ ಯಾವುದೆಂದು ಮೊದಲು ಹೊಂದಿಸಬೇಕು. ಆಮೇಲೆ ಅದೇ ರೋಗಿಯ ರಕ್ತದ ಡಿಎನ್‌ಎಯನ್ನು ಪಕ್ಕಕ್ಕಿಟ್ಟು, ಗಡ್ಡೆಯಲ್ಲಿ ಮಾತ್ರ ಬದಲಾದ ಅಕ್ಷರಗಳನ್ನು, ಅಂದರೆ ಮ್ಯುಟೇಶನ್‌ಗಳನ್ನು, ಹೆಕ್ಕಬೇಕು. ಇದಕ್ಕೆಲ್ಲ ಒಳ್ಳೆಯ ಸಾಫ್ಟ್‌ವೇರ್‌ಗಳಿವೆ. ನನ್ನ ನಿಜವಾದ ಕೆಲಸ ಶುರುವಾಗುವುದು ಅವು ಪಟ್ಟಿ ಕೊಟ್ಟ ಮೇಲೆ.

ಪಟ್ಟಿ ತೆರೆಯುವ ಮೊದಲು ಪೆಥಾಲಜಿಸ್ಟ್ ಬರೆದ ಟಿಪ್ಪಣಿ ಓದುತ್ತೇನೆ. ಆ ಚೂರಿನಲ್ಲಿ ಕ್ಯಾನ್ಸರ್ ಕೋಶಗಳು ಶೇ. 40ರಷ್ಟು ಎಂದಿದೆ ಅನ್ನಿ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದು, ಅದು ಎಲ್ಲ ಕ್ಯಾನ್ಸರ್ ಕೋಶಗಳಲ್ಲೂ ಇದ್ದರೆ, 100 ತುಣುಕುಗಳಲ್ಲಿ ಸುಮಾರು 20ರಲ್ಲಿ ಆ ಬದಲಾವಣೆ ಕಾಣಬೇಕು. ಬರೀ ಐದರಲ್ಲಿ ಕಂಡಿತೋ, ನನಗೆ ಅನುಮಾನ. ಗಡ್ಡೆಯ ಒಂದು ಕವಲಿನಲ್ಲಷ್ಟೇ ಹುಟ್ಟಿದ ಮ್ಯುಟೇಶನ್ ಇದ್ದೀತು, ಬರೀ ಹುಸಿಯೂ ಇದ್ದೀತು.

ಹುಸಿಗೆ ದೊಡ್ಡ ಕಾರಣ ಫಾರ್ಮಲಿನ್, ಅಂಗಾಂಶ ಕೊಳೆಯದಂತೆ ಕಾಯುವ ರಾಸಾಯನಿಕ. ಗಡ್ಡೆಯ ಚೂರನ್ನು ಸಾಮಾನ್ಯವಾಗಿ ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದ ಬ್ಲಾಕಿನಲ್ಲಿ ಕಾಪಿಡುತ್ತಾರೆ. ಅಲ್ಲಿ ಡಿಎನ್‌ಎಯ ಸೈಟೋಸಿನ್ ('ಸಿ' ಅಕ್ಷರ) ಕೆಟ್ಟು ಯುರಾಸಿಲ್ ಎಂಬ ಬೇರೆ ಅಣುವಾಗುತ್ತದೆ. ಯಂತ್ರ 'ಸಿ' ಇರಬೇಕಾದಲ್ಲಿ 'ಟಿ' ಎಂದು ಓದುತ್ತದೆ. ಸೀಕ್ವೆನ್ಸಿಂಗ್‌ಗೆ ಮೊದಲೇ ಒಂದು ಕಿಣ್ವ ಹಾಕಿ ಯುರಾಸಿಲ್‌ ಅನ್ನು ತೆಗೆದುಹಾಕಬಹುದು. ಆದರೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಬಾಲ ಅಂಟಿಕೊಂಡ ಸೈಟೋಸಿನ್ ಕೆಟ್ಟರೆ ನೇರವಾಗಿ ಥೈಮಿನ್ ('ಟಿ' ಅಕ್ಷರ) ಆಗುತ್ತದೆ, ಆ ಕಿಣ್ವಕ್ಕೆ ಅದು ಸಿಗುವುದಿಲ್ಲ. ಇಂಥ ಸೈಟೋಸಿನ್ ಹೆಚ್ಚಾಗಿ ಇರುವುದು 'ಸಿ' ಮುಂದೆ 'ಜಿ' ಬರುವ ಜಾಗಗಳಲ್ಲಿ.

ಫಿಲ್ಟರ್ ಹಾಕಿ ಆ ಜಾಗಗಳ ಬದಲಾವಣೆಗಳನ್ನೆಲ್ಲ ಕಿತ್ತುಹಾಕಿಬಿಡೋಣ ಎನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ವಯಸ್ಸಾದಂತೆ ನಮ್ಮ ಕೋಶಗಳಲ್ಲಿ ತಾನಾಗಿ ಕೂಡುತ್ತ ಹೋಗುವ ಮ್ಯುಟೇಶನ್‌ಗಳೂ ಅಂಥ ಜಾಗಗಳಲ್ಲೇ ಹೆಚ್ಚು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೆಡುವ ಟಿಪಿ53 ಜೀನ್‌ನಲ್ಲಿ ಮತ್ತೆ ಮತ್ತೆ ಪೆಟ್ಟು ತಿನ್ನುವ 175, 248, 273ನೇ ಕೋಡಾನ್‌ಗಳೂ (ಮೂರಕ್ಷರದ ಗುಂಪುಗಳು) ಇಂಥವೇ. ಕಣ್ಣುಮುಚ್ಚಿ ಸೋಸಿದರೆ ರೋಗದ ಮೂಲವೇ ಕಸದ ಜೊತೆ ಹೋಗುತ್ತದೆ.

ಹಾಗಾಗಿ ಮುಖ್ಯವಾದ ಪ್ರತಿ ಮ್ಯುಟೇಶನ್ನನ್ನೂ ಐಜಿವಿ (ಜೀನೋಮಿನ ಮೇಲೆ ತುಣುಕುಗಳನ್ನು ಸಾಲಾಗಿ ಜೋಡಿಸಿ ತೋರಿಸುವ ಸಾಫ್ಟ್‌ವೇರ್) ತೆರೆದು ಕಣ್ಣಾರೆ ನೋಡುತ್ತೇನೆ. ಬದಲಾವಣೆ ಡಿಎನ್‌ಎಯ ಎರಡೂ ಎಳೆಗಳಿಂದ ಬಂದ ತುಣುಕುಗಳಲ್ಲಿದೆಯೇ? ತುಣುಕುಗಳ ತುದಿಯಲ್ಲಷ್ಟೇ ಗುಂಪುಗೂಡಿದೆಯೇ? ಅದೇ ಲ್ಯಾಬಿನಲ್ಲಿ ತಯಾರಾದ ಬೇರೆಯವರ ಆರೋಗ್ಯವಂತ ಸ್ಯಾಂಪಲ್‌ಗಳಲ್ಲೂ ಇಣುಕುತ್ತಿದೆಯೇ? ಬೇಸರ ತರಿಸುವ ಕೆಲಸ ಎಂದು ಹಲವರು ಹೇಳುತ್ತಾರೆ. ನನಗೆ ಇಡೀ ವೃತ್ತಿಯಲ್ಲೇ ಅತ್ಯಂತ ಪ್ರಿಯವಾದದ್ದು ಇದು.

ರಕ್ತವೂ ದಾರಿ ತಪ್ಪಿಸುತ್ತದೆ. ವಯಸ್ಸಾದವರ ರಕ್ತಕೋಶಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಡಿಎನ್‌ಎಂಟಿ3ಎ, ಟಿಇಟಿ2 ಜೀನ್‌ಗಳಲ್ಲಿ ಮ್ಯುಟೇಶನ್ ಇರಬಹುದು. ಆ ಕೋಶಗಳು ಗಡ್ಡೆಯೊಳಗೆ ನುಸುಳಿದ್ದರೆ ಅದು ಕೆಲವೊಮ್ಮೆ ಗಡ್ಡೆಯದೇ ಎಂಬಂತೆ ಕಾಣಬಹುದು.

ಜೀನ್‌ಗಳ ಚಟುವಟಿಕೆ ಅಳೆಯುವ ಆರ್‌ಎನ್‌ಎ ದತ್ತಾಂಶದ ಸಮಸ್ಯೆ ಬೇರೆ. ಗಡ್ಡೆಯ ಸ್ಯಾಂಪಲ್‌ಗಳನ್ನೆಲ್ಲ ಒಂದು ದಿನ, ಆರೋಗ್ಯವಂತ ಅಂಗಾಂಶದ್ದನ್ನೆಲ್ಲ ಇನ್ನೊಂದು ದಿನ ತಯಾರಿಸಿದ್ದರೆ, ಕಂಡ ವ್ಯತ್ಯಾಸ ರೋಗದ್ದೋ ದಿನದ್ದೋ ಎಂದು ಯಾವ ಸೂತ್ರವೂ ಬಿಡಿಸಿ ಹೇಳಲಾರದು. ಅದಕ್ಕೇ ಸ್ಯಾಂಪಲ್ ತೆಗೆಯುವ ಮೊದಲೇ, ಯೋಜನೆ ಮಾಡುವಾಗಲೇ ನಮ್ಮನ್ನು ಕರೆಯಿರಿ ಎಂದು ಪ್ರತಿ ತಂಡಕ್ಕೂ ಕೇಳಿಕೊಳ್ಳುತ್ತೇನೆ.

ಕೊನೆಗೆ ನಾನು ವೈದ್ಯರಿಗೆ ಕೊಡುವ ಪಟ್ಟಿ ಚಿಕ್ಕದು. ಪ್ರತಿ ಮ್ಯುಟೇಶನ್ ಎದುರು ಎಷ್ಟು ತುಣುಕುಗಳಲ್ಲಿ ಎಷ್ಟರಲ್ಲಿ ಕಂಡಿತು ಎಂದು ಬರೆದು, ಐಜಿವಿಯ ಚಿತ್ರವನ್ನೂ ಲಗತ್ತಿಸುತ್ತೇನೆ. ಸಂಶಯ ಉಳಿದವು ಲ್ಯಾಬಿನ ಸಹೋದ್ಯೋಗಿಗಳ ಬಳಿಗೆ ಹೋಗುತ್ತವೆ. ಡಿಜಿಟಲ್ ಪಿಸಿಆರ್‌ನಂಥ (ನಿರ್ದಿಷ್ಟ ಡಿಎನ್‌ಎ ತುಣುಕುಗಳನ್ನು ಎಣಿಸುವ ಪರೀಕ್ಷೆ) ಬೇರೆ ವಿಧಾನದಲ್ಲಿ ಅವರು ಅದನ್ನು ಮತ್ತೆ ಪರೀಕ್ಷಿಸುತ್ತಾರೆ.