ಬಫರ್ ಹಾಕುವ ಮೊದಲು ಲೇಯರನ್ನು ಮೀಟರಿಗೆ ಪರಿವರ್ತಿಸಿಕೊಳ್ಳಿ

ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಅಥವಾ ಕೆರೆಗಳ ಸುತ್ತ ಬಫರ್, ಅಂದರೆ ನಿಗದಿತ ದೂರದವರೆಗಿನ ಆವರಣ, ಹಾಕುವ ಮೊದಲು, ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ‘ರೀಪ್ರಾಜೆಕ್ಟ್ ಲೇಯರ್’ ಬಳಸಿ ಲೇಯರನ್ನು (ನಕ್ಷೆಯ ದತ್ತಾಂಶ ಪದರವನ್ನು) ಇಪಿಎಸ್‌ಜಿ (ನಿರ್ದೇಶಾಂಕ ಪದ್ಧತಿಗಳ ಸಂಕೇತಸಂಖ್ಯೆ) 32643ಕ್ಕೆ, ಅಂದರೆ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರಕ್ಕೆ, ಪರಿವರ್ತಿಸಿಕೊಳ್ಳಿ. ಜಿಪಿಎಸ್‌ನಿಂದ ಬರುವ ದತ್ತಾಂಶ ಸಾಮಾನ್ಯವಾಗಿ ಇಪಿಎಸ್‌ಜಿ 4326ರಲ್ಲಿ, ಅಂದರೆ ಅಕ್ಷಾಂಶ-ರೇಖಾಂಶದ ಡಿಗ್ರಿಗಳಲ್ಲಿ, ಇರುವುದರಿಂದ ಬಫರಿನ ದೂರವನ್ನು 500 ಎಂದು ಕೊಟ್ಟರೆ ತಂತ್ರಾಂಶ ಅದನ್ನು 500 ಡಿಗ್ರಿ ಎಂದೇ ಗ್ರಹಿಸುತ್ತದೆ. ಮೀಟರನ್ನು ನಾವೇ ಡಿಗ್ರಿಗೆ ಲೆಕ್ಕ ಹಾಕಿ ಕೊಟ್ಟರೂ, ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಉತ್ತರ-ದಕ್ಷಿಣವಾಗಿ ಸುಮಾರು 110.6 ಕಿ.ಮೀ., ಪೂರ್ವ-ಪಶ್ಚಿಮವಾಗಿ ಸುಮಾರು 108.5 ಕಿ.ಮೀ. ಇರುವ ಕಾರಣ ವೃತ್ತ ನಿಜವಾದ ವೃತ್ತವಾಗುವುದಿಲ್ಲ. ಇದಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಅಂತರಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್, ಅಂದರೆ ಇಪಿಎಸ್‌ಜಿ 3857ರ ವಿಷಯದಲ್ಲಿ: ಅದರ ಮಾನವೂ ಮೀಟರೇ ಆದ್ದರಿಂದ ಫಲಿತಾಂಶ ಸರಿಯಾಗಿಯೇ ಕಾಣುತ್ತದೆ, ಆದರೆ ಬೆಂಗಳೂರಿನಲ್ಲಿ ಅದು ಉದ್ದವನ್ನು ಶೇ 2.6ರಷ್ಟು ಹಿಗ್ಗಿಸುವುದರಿಂದ 500 ಮೀಟರ್ ಎಂದು ಹಾಕಿದ ಬಫರ್ ನೆಲದ ಮೇಲೆ ಸುಮಾರು 487 ಮೀಟರಷ್ಟೇ ಆಗಿರುತ್ತದೆ. ‘ಸೆಟ್ ಲೇಯರ್ ಸಿಆರ್‌ಎಸ್’ ಆಯ್ಕೆಯನ್ನು ಈ ಕೆಲಸಕ್ಕೆ ಖಂಡಿತ ಬಳಸಬೇಡಿ, ಏಕೆಂದರೆ ಅದು ಲೇಯರಿನ ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಯಾವುದೆಂದು ಹೇಳುವ ಹಣೆಪಟ್ಟಿಯನ್ನಷ್ಟೇ ಬದಲಿಸುತ್ತದೆ, ಒಳಗಿನ ನಿರ್ದೇಶಾಂಕಗಳು ಇದ್ದಂತೆಯೇ ಉಳಿಯುತ್ತವೆ. ಮೂಲ ಲೇಯರಿನ ಹಣೆಪಟ್ಟಿಯೇ ತಪ್ಪಾಗಿದ್ದರೆ ರೀಪ್ರಾಜೆಕ್ಟ್ ಮಾಡುವ ಉಪಾಯ ಫಲಿಸುವುದಿಲ್ಲ, ಮೊದಲು ಅದನ್ನು ಸರಿಪಡಿಸಬೇಕು. ವಲಯ 43 ಪೂರ್ವ ರೇಖಾಂಶ 72ರಿಂದ 78 ಡಿಗ್ರಿಯವರೆಗೆ ಮಾತ್ರ ಇರುವುದರಿಂದ, ಕೋಲಾರ ಪಟ್ಟಣದ ಕೆಲಸಕ್ಕೆ ವಲಯ 44, ಅಂದರೆ 32644, ಸೂಕ್ತ; ಇಡೀ ದೇಶದ ದತ್ತಾಂಶಕ್ಕೆ ಯಾವ ಒಂದು ಯುಟಿಎಂ ವಲಯವೂ ಹೊಂದುವುದಿಲ್ಲ.