ಶಾಲೆಯಿಂದ ಹೊರಗಿಟ್ಟರೆ ವಿದ್ಯಾರ್ಥಿ ಏನು ಮಾಡಬೇಕು?

‘ನಾಳೆಯಿಂದ ಶಾಲೆಗೆ ಬರಬೇಡ, ಅಪ್ಪ–ಅಮ್ಮನನ್ನು ಕರೆದುಕೊಂಡು ಬಾ’ ಎಂದು ಮುಖ್ಯ ಶಿಕ್ಷಕರು ಹೇಳಿದರೆ, ಅದು ಬರೀ ಗದರಿಕೆಯೋ, ಕೆಲವು ದಿನಗಳ ಅಮಾನತೋ ಅಥವಾ ಶಾಲೆಯಿಂದಲೇ ಹೊರಹಾಕುವ ಸೂಚನೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಆರೋಪವೇನು, ಎಷ್ಟು ದಿನ, ಯಾವ ತಾರೀಖಿಗೆ ಮರಳಿ ಬರಬೇಕು ಎಂಬುದನ್ನು ಬರೆದು ಕೊಡುವಂತೆ ಪೋಷಕರು ಪತ್ರದ ಮೂಲಕ ಕೇಳಲಿ. ಬಾಯಿಮಾತಿನ ಆದೇಶವನ್ನು ಪ್ರಶ್ನಿಸುವುದು ಕಷ್ಟ.

ಎರಡನೆಯದು, ನೀವು ಯಾವ ತರಗತಿಯಲ್ಲಿದ್ದೀರಿ ಎಂಬುದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಯಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿತೇ ಹೊರತು ಹೊರಹಾಕಲು ಅಲ್ಲ. ಆದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. 9 ಮತ್ತು 10ನೇ ತರಗತಿಯವರಿಗೂ ಈ ರಕ್ಷಣೆಯಿಲ್ಲ. ಅವರು ಪ್ರವೇಶದ ವೇಳೆ ಕೊಟ್ಟ ಶಾಲೆಯ ನಿಯಮಾವಳಿಯನ್ನು ಓದಿ, ತಮ್ಮ ಮಾತನ್ನೂ ಕೇಳಿ ತೀರ್ಮಾನಿಸುವಂತೆ ಒತ್ತಾಯಿಸಬೇಕು.

ಇಷ್ಟಿದ್ದರೂ ಮಕ್ಕಳು ಶಾಲೆ ಬಿಡುವುದು ಹೇಗೆ? ಟಿ.ಸಿ. ಮೂಲಕ. ‘ನೀವೇ ಅರ್ಜಿ ಕೊಟ್ಟು ಟಿ.ಸಿ. ಪಡೆದರೆ ಮಗುವಿನ ಹೆಸರು ಕೆಡುವುದಿಲ್ಲ’ ಎಂದು ಮೆಲುದನಿಯಲ್ಲಿ ಹೇಳಿ, ‘ಸ್ವಇಚ್ಛೆಯಿಂದ’ ಎಂಬ ಪದವಿರುವ ಅರ್ಜಿಯನ್ನು ಮುಂದಿಡುತ್ತಾರೆ. ಅದಕ್ಕೆ ಸಹಿ ಬಿದ್ದ ಮೇಲೆ, ಕಾಗದದ ಮಟ್ಟಿಗೆ ನಿಮ್ಮನ್ನು ಯಾರೂ ಹೊರಹಾಕಿಲ್ಲ, ನೀವಾಗಿಯೇ ಹೋಗಿದ್ದೀರಿ. ಆದ್ದರಿಂದ ಕಚೇರಿಯಲ್ಲೇ ಕುಳಿತು ಸಹಿ ಹಾಕದೆ, ಮನೆಯಲ್ಲಿ ಓದಿ ತಿಳಿಸುತ್ತೇವೆಂದು ಪೋಷಕರು ಹೇಳುವುದು ಮೇಲು. ಮುಚ್ಚಳಿಕೆ ಬರೆಯಿಸಿಕೊಂಡರೂ ಅಷ್ಟೇ: ಮಾಡಿದ್ದನ್ನು ಒಪ್ಪಿಕೊಳ್ಳಿ, ಮಾಡದ್ದನ್ನು ಬರೆಯಬೇಡಿ.

ನಡೆದದ್ದನ್ನು ಅಂದೇ ಬರೆದಿಡಿ: ಯಾವ ಪಿರಿಯಡ್, ಯಾರು ಅಲ್ಲಿದ್ದರು, ಯಾರು ಏನು ಹೇಳಿದರು. ಹೊಡೆದಿದ್ದರೆ ಅಥವಾ ಅವಮಾನಿಸಿದ್ದರೆ ಅದನ್ನೂ ಸೇರಿಸಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸುತ್ತದೆ. ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಅಮಾನತಿನ ದಿನಗಳನ್ನು ಗೈರುಹಾಜರಿ ಎಂದು ಬರೆಯುತ್ತಾರೆಯೇ ಎಂದು ಕೇಳಲೇಬೇಕು, ಏಕೆಂದರೆ ಪರೀಕ್ಷೆಗೆ ಶೇ 75ರಷ್ಟು ಹಾಜರಾತಿ ಬೇಕು.

ಶಾಲೆಯಲ್ಲಿ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಾಯ್ದೆಯಡಿ ಸ್ಥಳೀಯ ಪ್ರಾಧಿಕಾರವು ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮನೆಯಲ್ಲಿ ಹೇಳಿಕೊಳ್ಳಲು ಭಯವಿರುವ ಮಕ್ಕಳು 1098 ಸಹಾಯವಾಣಿಗೆ ತಾವೇ ಕರೆ ಮಾಡಬಹುದು.